ಚಿತ್ರಾಭ್ಯಾಸದಲ್ಲಿ ಅನುಕರಣವು ದೋಷವೆ?

ತೈಲಚಿತ್ರವನ್ನು ಕಲಿಸುವವರಲ್ಲಿಯೂ ಕಲಿಯುವವರಲ್ಲಿಯೂ ಒಂದು ಮತವು ಈಗ ಬಲವಾಗಿ ಬೇರೂರಿರುತ್ತದೆ. ಹಿರಿಯ ಚಿತ್ರಕಾರರ ಪಟಗಳನ್ನು ಮುಂದಿಟ್ಟುಕೊಂಡು ಬರೆಯುವುದು ದಾಸ್ಯವಂತೆ; ಅದರಿಂದ ಪ್ರತಿಭೆಯು ಕುಂದುವುದಂತೆ; ಕುಂಚವನ್ನು ಹಿಡಿದ ಮೊದಲನೆಯ ದಿನದಿಂದಲೇ ವಿದ್ಯಾರ್ಥಿಯು ತನ್ನ ಅಂತರಂಗವನ್ನು ಪಟದ ಮೇಲೆ ತೋಡಿಕೊಳ್ಳತಕ್ಕುದಂತೆ. ಈ ಮಾತು ಕಿವಿಗೆ ಇಂಪಾಗಿದೆ. ಕಲಿಸುವವನಿಗೆ ಶ್ರಮವನ್ನು ಕಡಮೆಮಾಡುತ್ತದೆ, ಕಲಿಯುವವನಿಗೆ ಹೆಮ್ಮೆಯನ್ನು ಕೊಡುತ್ತದೆ. ಆದುದರಿಂದ ಇದು ಇಷ್ಟು ಬೇಗ ಹರಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಇದರ ಫಲವನ್ನು ನೋಡಬೇಕು. ಈ ಮತದಲ್ಲಿ ಬೆಳೆದ ತರುಣನು ಮೂರು ವರ್ಷಗಳಾದ ಮೇಲೆ ಇಪ್ಪತ್ತು ಪಟಗಳನ್ನು ಬರೆದಿರುತ್ತಾನೆ. ಎಲ್ಲವೂ ಅವನ ಸ್ವಂತವೇ. ಆದರೆ ಅವುಗಳಲ್ಲಿ ಒಂದರಲ್ಲಿಯಾದರೂ ಬುಟ್ಟಿಯ ಅಂಚನ್ನು ಹಿಡಿದ ಕೈಯು ನಿಜವಾಗಿ ಹಿಡಿದಂತೆ ಕಾಣುವುದಿಲ್ಲ. ನೆಲದ ಮೇಲೆ ನಿಂತ ಮನುಷ್ಯನು ನೆಲಕ್ಕೆ ಭಾರವಾಗಿ ತೋರುವುದಿಲ್ಲ. ಅದನ್ನು ಅವನ ಕಣ್ಣೇ ಅವನಿಗೆ ಹೇಳುತ್ತದೆ. ಆಗ ಅವನು, ತನಗೆ ದೈವದತ್ತವಾದ ಶಕ್ತಿಯೇ ಇಲ್ಲವೆಂದು ಬಗೆದು, ಕುಂಚವನ್ನು ಕಟ್ಟಿಡುತ್ತಾನೆ. ಅವನಿಗೆ ಇಲ್ಲದೆಹೋದುದು ಶಕ್ತಿಯಲ್ಲ, ಅಭ್ಯಾಸ. ಅಭ್ಯಾಸವನ್ನು ನಿಷೇಧಿಸಿದವರು, ಹೀಗೆ ಬತ್ತಿಹೋದ ಕೈಗಳಿಗೆ ಉತ್ತರವಾದಿಗಳಾಗಬೇಡವೆ? ಆದಕಾರಣ ಈ ಪೂರ್ವಪಕ್ಷವನ್ನು ಸಾಧಕಬಾಧಕಗಳೊಡನೆ ಪರೀಕ್ಷಿಸುವುದು ಅವಶ್ಯವಾಗಿದೆ.

ವಾದವು ಗಾಳಿಯಲ್ಲಿ ತೇಲದಿರಬೇಕಾದರೆ ಒಂದು ಉದಾಹರಣೆಯನ್ನು ನೆಲೆಯಾಗಿ ಹಿಡಿಯಬೇಕು. ಅತ್ಯಂತ ಕಠಿಣವಾದುದನ್ನೇ ಹಿಡಿಯೋಣವಾಗಲಿ: ಜನರು ಕಿಕ್ಕಿರಿದ ಸಂತೆಯ ಯಥಾರ್ಥಚಿತ್ರ. ಪ್ಯಾರಿಸ್ ನಗರದ ಪೆತಿ ಪಾಲೆ ಎಂಬ ವಸ್ತುಸಂಗ್ರಹಾಲಯದಲ್ಲಿ ಲೆಯೋನ್ ಲೆರ್ಮಿತ್ ಎಂಬವನು 1895ರಲ್ಲಿ ಮುಗಿಸಿದ ‘ಲೆ ಆಲ್’ ಎಂಬ ತೈಲಚಿತ್ರವಿದೆ. ಎತ್ತರದಲ್ಲಿ ಸುಮಾರು ನಾಲ್ಕು ಮೀಟರು, ಅಗಲದಲ್ಲಿ ಆರು ಮೀಟರಿಗೂ ಮಿಕ್ಕಿದ ಪಟವದು. ಲೆ ಆಲ್ ಎಂದರೆ ಪ್ಯಾರಿಸಿನ ನಡುವೆ ಇದ್ದ ದೊಡ್ಡ ಪೇಟೆ. ಅದರ ಕಬ್ಬಿಣ ಮತ್ತು ಗಾಜಿನ ಮಂಟಪಗಳನ್ನು ರಚಿಸಿದವನು ವಿಕ್ತೋರ್ ಬಾಲ್ತಾರ್ ಎಂಬ ಶಿಲ್ಪಿ. ಕಾಯಿಪಲ್ಯದ ರಾಶಿಗಳು, ಹೊರೆ ಹೊತ್ತ ಕೂಲಿಗಳು, ಮಾರುವ ಕೊಳ್ಳುವ ಹೆಂಗಸರು, ಒಬ್ಬರ ಬೆನ್ನು ಇನ್ನೊಬ್ಬರ ಮೊಗಕ್ಕೆ ಅಡ್ಡವಾಗಿ, ಒಬ್ಬರ ತೋಳು ಇನ್ನೊಬ್ಬರ ಬುಟ್ಟಿಯ ಹಿಂದೆ ಮರೆಯಾಗಿ, ಅಲ್ಲಿ ತುಂಬಿಕೊಂಡಿದ್ದಾರೆ. ಆದರೂ ನೋಡುವವನ ಕಣ್ಣು ತಬ್ಬಿಬ್ಬಾಗುವುದಿಲ್ಲ. ಗದ್ದಲವಿದೆ, ಗೊಂದಲವಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದೇ ಕಲಿಯತಕ್ಕ ವಿಷಯ.

ಕೇವಲ ನೋಡುವುದರಿಂದ ಇದನ್ನು ಕಲಿಯಲಾಗದು. ನೋಡುವವನು ಮೆಚ್ಚುತ್ತಾನೆ, ಮುಂದಕ್ಕೆ ಹೋಗುತ್ತಾನೆ. ಪ್ರತಿಮಾಡುವವನು ಮಾತ್ರ ಪ್ರತಿಯೊಂದು ಅಂಗುಲದಲ್ಲಿಯೂ ತಡೆದು ನಿಂತು, “ಇಲ್ಲಿ ಹೀಗೇಕೆ ಮಾಡಿದನು?” ಎಂದು ಕೇಳಿಕೊಳ್ಳಬೇಕಾಗುತ್ತದೆ. ಆ ಪ್ರಶ್ನೆಯಿಂದ ಅವನಿಗೆ ಲಭಿಸುವ ಪಾಠಗಳಲ್ಲಿ ಮೂರನ್ನು ಇಲ್ಲಿ ಹೇಳಬಹುದು.

ಮೊದಲನೆಯದು ದೂರ-ಸಮೀಪಗಳ ಲೆಕ್ಕ. ಚಿತ್ರಕಾರನು ಸಮನೆಲದ ಮೇಲೆ ನಿಂತು ನೋಡುವಾಗ, ಅವನಷ್ಟೇ ಎತ್ತರದ ಜನರೆಲ್ಲರ ಕಣ್ಣುಗಳೂ, ಅವರು ಹತ್ತು ಮಾರು ದೂರವಿರಲಿ, ನೂರು ಮಾರು ದೂರವಿರಲಿ, ಪಟದಲ್ಲಿ ಒಂದೇ ಅಡ್ಡಗೆರೆಯ ಮೇಲೆ ಬರುತ್ತವೆ. ದೂರ ಹೋದಂತೆಲ್ಲ ಪಾದಗಳು ಮಾತ್ರ ಆ ಗೆರೆಯ ಕಡೆಗೆ ಏರುತ್ತವೆ. ಚಿತ್ರಕಾರನು ಎತ್ತರದಲ್ಲಿ ನಿಂತು ನೋಡಿದರೆ ಈ ಲೆಕ್ಕ ಬೇರೆಯಾಗುತ್ತದೆ. ಆಗ ದೂರದವರ ತಲೆಗಳೂ ಮೇಲಕ್ಕೆ ಸರಿಯುತ್ತವೆ. ಹೊಸಬನು ಈ ಎರಡನ್ನೂ ಬೆರಸಿಬಿಡುತ್ತಾನೆ. ಅವನು ಬರೆದ ಸಂತೆಯಲ್ಲಿ ಹಿಂದಿನ ಜನರು ಗುಡ್ಡ ಹತ್ತುತ್ತಿರುವಂತೆ ತೋರುವುದು ಇದರಿಂದಲೇ. ನಿಯಮವನ್ನು ಬಾಯಿಪಾಠ ಮಾಡಿದರೂ ಕೈಯು ಅದನ್ನು ಅರಿಯದು. ಇಪ್ಪತ್ತು ತಲೆಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟುನೋಡಿದಾಗಲೇ ಅರಿಯುವುದು.

ಎರಡನೆಯದು ಬೆಳಕು-ನೆರಳುಗಳ ಸಮೂಹ. ಐವತ್ತು ಜನರನ್ನು ಐವತ್ತು ತುಂಡುಗಳಾಗಿ ಬರೆದರೆ ಪಟವು ಚಿಂದಿಯ ಗಂಟಾಗುತ್ತದೆ. ಬಲ್ಲವನು ಹತ್ತು ಜನರ ನೆರಳನ್ನು ಒಂದೇ ಕಪ್ಪಾಗಿ ಕೂಡಿಸಿ, ಅದರ ಮೇಲೆ ಎರಡು ಮೂರು ಬಿಳುಪುಗಳನ್ನು ಮಾತ್ರ ಎತ್ತಿತೋರಿಸುತ್ತಾನೆ. ಒಂದು ಕಡೆ ಅಂಚನ್ನು ಹರಿತವಾಗಿ ಬಿಡುತ್ತಾನೆ. ಇನ್ನೊಂದು ಕಡೆ ಭುಜವು ಹಿಂದಿನ ನೆರಳಿನಲ್ಲಿ ಕರಗಿಹೋಗುವಂತೆ ಮಾಡುತ್ತಾನೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಈ ಸಮೂಹಗಳು ಗೋಚರವಾಗುತ್ತವೆ. ಯಾವುದನ್ನು ಬರೆಯಬೇಕೆಂಬುದಕ್ಕಿಂತ ಯಾವುದನ್ನು ಬರೆಯದೆ ಬಿಡಬೇಕೆಂಬುದೇ ಜನಸಂದಣಿಯ ಚಿತ್ರದಲ್ಲಿ ದೊಡ್ಡ ವಿದ್ಯೆ. ಪ್ರತಿಮಾಡುವವನಿಗೆ ಮೂಲದಲ್ಲಿ ಬಿಟ್ಟಿರುವ ಸ್ಥಳಗಳು ಒಂದೊಂದಾಗಿ ಕೈಗೆ ಸಿಕ್ಕುತ್ತವೆ.

ಮೂರನೆಯದು ದ್ರವ್ಯದ ಸ್ವಭಾವ. ತೈಲವರ್ಣಕ್ಕೆ ಆಧಾರವಾದ ಅಗಸೆಯೆಣ್ಣೆಯು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದುದರಿಂದ ಎಣ್ಣೆ ಕಡಮೆಯಿರುವ ಪದರವು ಕೆಳಗೆ, ಹೆಚ್ಚಿರುವುದು ಮೇಲೆ ಬರಬೇಕು. ತಿರುಗುಮುರುಗಾದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಆಮೇಲೆ ಅಲುಗಿ, ಪಟವು ಬಿರಿಯುತ್ತದೆ. ಅಂಬರ್ ಎಂಬ ಕಂದುಬಣ್ಣವು ಬೇಗ ಒಣಗುತ್ತದೆ, ದಂತದ ಕಪ್ಪು ನಿಧಾನವಾಗಿ ಒಣಗುತ್ತದೆ. ಆದುದರಿಂದಲೇ ಟರ್ಪೆಂಟೈನಿನಲ್ಲಿ ತೆಳುಮಾಡಿದ ಅಂಬರಿನಿಂದ ಮೊದಲ ಕರಡನ್ನು ಹಾಕುವ ಪದ್ಧತಿ ಬಳಕೆಯಲ್ಲಿದೆ. ನೆರಳನ್ನು ತೆಳ್ಳಗೆ, ಬೆಳಕನ್ನು ದಪ್ಪವಾಗಿ ಹಚ್ಚುವುದೂ ಇಂಥದೇ ಸಂಪ್ರದಾಯ. ಅಂತರಂಗವನ್ನು ತೋಡಿಕೊಳ್ಳುವುದರಿಂದ ಇವುಗಳಲ್ಲಿ ಒಂದಾದರೂ ತಿಳಿಯಬಂದೀತೆ? ಅಂತರಂಗವು ಎಷ್ಟೇ ನಿರ್ಮಲವಾಗಿದ್ದರೂ ಕಪ್ಪುಬಣ್ಣವು ನಿಧಾನವಾಗಿಯೇ ಒಣಗುವುದು.

ಇನ್ನು ಆಕ್ಷೇಪಗಳನ್ನು ಕ್ರಮವಾಗಿ ತೆಗೆದುಕೊಳ್ಳಬಹುದು.

ಅನುಕರಣದಿಂದ ಪ್ರತಿಭೆಯು ನಾಶವಾಗುವುದೆಂಬುದು ಮೊದಲನೆಯ ಆಕ್ಷೇಪ. ಹಾಗಾದಲ್ಲಿ ರೂಬೆನ್ಸನ ಪ್ರತಿಭೆಯು ನಾಶವಾಗಿರಬೇಕಾಗಿತ್ತು. ಅವನು 1628–29ರಲ್ಲಿ ಮಾದ್ರಿದ್ ನಗರಕ್ಕೆ ಹೋದಾಗ ಅವನಿಗೆ ಐವತ್ತು ವರ್ಷ ದಾಟಿತ್ತು. ಯುರೋಪಿನ ಅರಸರೆಲ್ಲರೂ ಅವನ ಹೆಸರನ್ನು ಬಲ್ಲರು. ಆಗ ಅವನು ಅಲ್ಲಿದ್ದ ತಿಶಿಯನ್ನನ ಪಟಗಳ ಮುಂದೆ ವಿದ್ಯಾರ್ಥಿಯಂತೆ ಕುಳಿತು ಪ್ರತಿಮಾಡಿದನು. ಅವನು ಪ್ರತಿಮಾಡಿದ ಆದಮ್ ಮತ್ತು ಈವರ ಚಿತ್ರವು ಇಂದಿಗೂ ಪ್ರಾದೊ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಮೂಲದಲ್ಲಿಲ್ಲದ ಒಂದು ಗಿಣಿಯನ್ನೂ ಅವನು ಮರದ ಮೇಲೆ ಕೂರಿಸಿದ್ದಾನೆ. ದಾಸನು ಒಡೆಯನ ಮರದ ಮೇಲೆ ತನ್ನ ಗಿಣಿಯನ್ನು ಕೂರಿಸುವುದುಂಟೆ? ದೆಗಾ ಎಂಬವನು ತಾರುಣ್ಯದಲ್ಲಿ ಪೂಸ್ಸ್ಯಾಂ ಬರೆದ ಸಬೈನ್ ಸ್ತ್ರೀಯರ ಅಪಹರಣವೆಂಬ ಕಿಕ್ಕಿರಿದ ಚಿತ್ರವನ್ನು ಪ್ರತಿಮಾಡಿದನು. ಆ ಬಳಿಕ ಅವನು ಬರೆದ ನರ್ತಕಿಯರನ್ನೂ ಕುದುರೆಯ ಜೂಜಿನ ಬಯಲನ್ನೂ ಯಾರಾದರೂ ಪೂಸ್ಸ್ಯಾಂನವೆಂದು ಭ್ರಮಿಸಿದ್ದುಂಟೆ? ಮಾತೀಸನನ್ನು ನವೀನರೆಲ್ಲರೂ ತಮ್ಮ ಪಿತಾಮಹನೆಂದು ಕೊಂಡಾಡುತ್ತಾರೆ. ಅವನೂ ಲೂವ್ರ್ ಸಂಗ್ರಹಾಲಯದಲ್ಲಿ ಹಳೆಯ ಪಟಗಳನ್ನು ಪ್ರತಿಮಾಡಿ ಕಲಿತವನೇ. ನವೀನರು ಪಿತಾಮಹನ ಹೆಸರನ್ನು ಇಟ್ಟುಕೊಂಡು ಅವನ ನಡತೆಯನ್ನು ಮಾತ್ರ ಬಿಟ್ಟಿದ್ದಾರೆ.

ಕನ್ನಡನಾಡಿನ ಉದಾಹರಣೆಯೇ ಬೇಕೆಂದರೆ ಅದೂ ಇದೆ. 1909ರಿಂದ 1911ರ ವರೆಗೆ ಕ್ರಿಸ್ಟಿಯಾನಾ ಹೆರಿಂಗ್ಹ್ಯಾಮ್ ಎಂಬ ಮಹಿಳೆಯು ಅಜಂತೆಯ ಭಿತ್ತಿಚಿತ್ರಗಳ ಪ್ರತಿಗಳನ್ನು ಮಾಡಿಸಿದಾಗ, ನಂದಲಾಲ ಬಸು ಮೊದಲಾದವರೊಡನೆ ಆ ಕಾರ್ಯದಲ್ಲಿ ಕೈಗೂಡಿಸಿದವರಲ್ಲಿ ಮೈಸೂರಿನ ಕೆ. ವೆಂಕಟಪ್ಪನವರೂ ಒಬ್ಬರು. ವೆಂಕಟಪ್ಪನವರು ಮುಂದೆ ಬರೆದ ನೀಲಗಿರಿಯ ದೃಶ್ಯಗಳಲ್ಲಿ ಅಜಂತೆಯ ನೆರಳನ್ನು ಹುಡುಕಿದರೂ ಸಿಕ್ಕದು. ಅಜಂತೆಯು ಅವರ ಕಣ್ಣನ್ನು ಸಾಣೆಹಿಡಿಯಿತು, ಕಸಿದುಕೊಳ್ಳಲಿಲ್ಲ.

ಈ ಸಂದರ್ಭದಲ್ಲಿ ಶಾಸ್ತ್ರಜ್ಞರಾದ ಕೆಲವು ಆಕ್ಷೇಪಕರು ಆನಂದವರ್ಧನನನ್ನು ಸಾಕ್ಷಿಗೆ ಕರೆಯಬಹುದು. ಕಾವ್ಯಕ್ಕೂ ಕಾವ್ಯಕ್ಕೂ ಇರುವ ಸಾಮ್ಯವನ್ನು ಅವನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಕನ್ನಡಿಯಲ್ಲಿನ ಬಿಂಬದಂತಹದು, ಬರೆದ ಚಿತ್ರದಂತಹದು, ಇಬ್ಬರು ಮನುಷ್ಯರ ಹೋಲಿಕೆಯಂತಹದು. ಮೊದಲೆರಡನ್ನು ಕವಿಯು ಬಿಡಬೇಕು, ಮೂರನೆಯದು ಗ್ರಾಹ್ಯವೆಂದು ಅವನ ತೀರ್ಪು. ಸರಿಯೇ. ಆದರೆ ಆ ತೀರ್ಪು ಯಾರಿಗೆ? ಸಹೃದಯರ ಮುಂದೆ ಕೃತಿಯನ್ನು ತಂದಿಡುವ ಕವಿಗೆ ಹೊರತು, ಕಲಿಯುತ್ತಿರುವ ಶಿಷ್ಯನಿಗಲ್ಲ. ಶಿಷ್ಯನ ವಿಷಯದಲ್ಲಿ ಮಮ್ಮಟನು ಶಕ್ತಿ ಮತ್ತು ನಿಪುಣತೆಗಳ ಜೊತೆಗೆ, ಬಲ್ಲವರ ಶಿಕ್ಷಣದಿಂದಾಗುವ ಅಭ್ಯಾಸವನ್ನೂ ಕಾವ್ಯಹೇತುವಿನಲ್ಲಿ ಸೇರಿಸಿದ್ದಾನೆ. ಕ್ಷೇಮೇಂದ್ರನಂತೂ ಕವಿಕಂಠಾಭರಣದಲ್ಲಿ ಇನ್ನೂ ಕೆಳಗಿಳಿದು, ಅರ್ಥವಿಲ್ಲದ ಪದಗಳಿಂದಲಾದರೂ ಛಂದಸ್ಸನ್ನು ತುಂಬಿಸು, ಹಿರಿಯರ ಶ್ಲೋಕದಲ್ಲಿ ಪದಗಳನ್ನು ಬದಲಿಸಿ ನೋಡು, ಎಂದು ಹೊಸಬನಿಗೆ ಪಾಠಹೇಳುತ್ತಾನೆ. ಅದೇ ಕ್ಷೇಮೇಂದ್ರನು ಪರರ ಕೃತಿಯನ್ನು ಇಡಿಯಾಗಿ ನುಂಗಿ ಬದುಕುವವನಿಗೆ ಸಕಲೋಪಜೀವಿ ಎಂಬ ಹೆಸರನ್ನಿಟ್ಟಿರುವನು. ಅಭ್ಯಾಸ ಬೇರೆ, ಉಪಜೀವನ ಬೇರೆ. ಇವೆರಡರ ಭೇದವನ್ನು ಪ್ರಾಚೀನರು ಬಲ್ಲರು, ಅರ್ವಾಚೀನರು ಮರೆತರು.

ಕನ್ನಡ ಸಾಹಿತ್ಯದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಉಳಿದು ಬಂದಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿ ಹುಟ್ಟಿತು. ಇತ್ತೀಚಿನ ಮಾತಾದರೆ, ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪರಭಾಷೆಯ ಕವಿತೆಗಳನ್ನು ಮುಂದಿಟ್ಟುಕೊಂಡು ಮಾಡಿದುವು. ಅವುಗಳಿಂದಲೇ ಒಂದು ತಲೆಮಾರಿನ ಕವಿಗಳಿಗೆ ಹೊಸ ದಾರಿ ಕಂಡಿತು. ನುಡಿಗೆ ಶೋಭೆ ತಂದ ಪದ್ಧತಿಯು ಬಣ್ಣಕ್ಕೆ ಮಾತ್ರ ವಿಷವಾಗುವುದು ಹೇಗೆ?

ಎರಡನೆಯ ಆಕ್ಷೇಪವು ದೇಶಾಭಿಮಾನದ ವೇಷದಲ್ಲಿ ಬರುತ್ತದೆ. ಪ್ಯಾರಿಸಿನ ಪೇಟೆಯಿಂದ ಕನ್ನಡಿಗನಿಗೇನು? ಊರ ಸಂತೆಯೇ ಕಣ್ಣೆದುರಿಗಿರುವಾಗ ಅದನ್ನೇ ಬರೆಯಬಾರದೆ? ಎಂದು ಕೇಳುತ್ತಾರೆ. ಬರೆಯಬೇಕು, ಅವಶ್ಯವಾಗಿ ಬರೆಯಬೇಕು. ಆದರೆ ಸಂತೆಯು ಚಿತ್ರಕಾರನಿಗಾಗಿ ನಿಲ್ಲುವುದಿಲ್ಲ. ವೀಳ್ಯದೆಲೆಯ ಕಟ್ಟನ್ನು ಎತ್ತಿದ ಕೈಯು ಅದನ್ನು ಬರೆಯುವಷ್ಟರಲ್ಲಿ ಕೆಳಗಿಳಿದಿರುತ್ತದೆ. ಮೂಟೆ ಹೊತ್ತವನು ಕಣ್ಮರೆಯಾಗಿರುತ್ತಾನೆ. ಕೊತ್ತಂಬರಿಯ ರಾಶಿಯು ಮಾರಿಹೋಗಿರುತ್ತದೆ. ಚಲಿಸುವ ಜನರನ್ನು ಹಿಡಿಯಬೇಕಾದರೆ, ನಿಶ್ಚಲವಾಗಿ ನಿಂತ ಜನಸಂದಣಿಯನ್ನು ಮೊದಲು ಕೈಯು ಅರಿತಿರಬೇಕು. ಅಂತಹ ಸಂದಣಿಯು ಬಲ್ಲವನು ಬರೆದ ಪಟದಲ್ಲಲ್ಲದೆ ಬೇರೆಲ್ಲಿಯೂ ದೊರೆಯದು. ಮೇಲಾಗಿ, ಲೆರ್ಮಿತನು ಬರೆದ ಆ ಪೇಟೆಯು ಈಗ ಪ್ಯಾರಿಸಿನವರಿಗೂ ಇಲ್ಲ. 1969ರಲ್ಲಿ ವ್ಯಾಪಾರವು ರೂಂಜಿಸ್ ಎಂಬ ಊರಿಗೆ ವರ್ಗವಾಯಿತು. 1971ರಿಂದ ಬಾಲ್ತಾರನ ಮಂಟಪಗಳನ್ನು ಕೆಡವಿದರು. ಪಟದಲ್ಲಿ ಮಾತ್ರ ಆ ಮುಂಜಾನೆಯು ಉಳಿದಿದೆ. ಕನ್ನಡನಾಡಿನ ಸಂತೆಗಳೂ ಶಾಶ್ವತವೆಂದು ಹೇಳುವಂತಿಲ್ಲ. ಅವುಗಳನ್ನು ಹಾಗೆ ಉಳಿಸಬಲ್ಲ ಕೈಗಳು ಸಿದ್ಧವಾಗಬೇಕೆಂದೇ ಈ ವಾದ.

ಲೆರ್ಮಿತನು ಹೇಗೆ ಕಲಿತನೆಂಬುದನ್ನು ನೋಡಿದರೆ ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನವು ದೊರೆಯುತ್ತದೆ. ಅವನ ಗುರುವು ಒರಾಸ್ ಲೆಕೊಕ್ ದ ಬ್ವಾಬೋದ್ರಾಂ ಎಂಬವನು. ರೊದ್ಯಾಂ, ಫಾಂತ್ಯಾಂ-ಲಾತೂರ್ ಮೊದಲಾದವರೂ ಅವನ ಶಿಷ್ಯರೇ. ಚಿತ್ರಕಾರನ ಸ್ಮರಣಶಕ್ತಿಯ ಶಿಕ್ಷಣವನ್ನು ಕುರಿತು ಅವನು 1848ರಲ್ಲಿ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದನು. ಶಿಷ್ಯರು ಲೂವ್ರಿನಲ್ಲಿ ಒಂದು ಪಟವನ್ನು ಮನಸ್ಸಿಟ್ಟು ಅಭ್ಯಸಿಸಿ, ಶಾಲೆಗೆ ಬಂದು ಅದನ್ನು ನೆನಪಿನಿಂದಲೇ ಬರೆಯಬೇಕಾಗಿತ್ತು. ಅನಂತರ ಅವರನ್ನು ಬಯಲಿಗೆ ಕರೆದೊಯ್ದು, ನಡೆದಾಡುವ ಮನುಷ್ಯರನ್ನು ನೋಡಿಸಿ, ಅವರನ್ನೂ ನೆನಪಿನಿಂದ ಬರೆಯಿಸುತ್ತಿದ್ದನು. ಪಟದಿಂದ ಸ್ಮರಣೆಗೆ, ಸ್ಮರಣೆಯಿಂದ ಜೀವಂತ ಜನರಿಗೆ. ಈ ಸೋಪಾನವನ್ನು ಏರಿದವನೇ ಪೇಟೆಯ ಗದ್ದಲವನ್ನು ಆರು ಮೀಟರಿನ ಪಟದಲ್ಲಿ ಹಿಡಿದಿಟ್ಟವನು. ಮೊದಲ ಮೆಟ್ಟಿಲನ್ನು ಕಿತ್ತುಹಾಕಿ ಕೊನೆಯ ಮೆಟ್ಟಿಲಿಗೆ ಹಾರು ಎಂದು ಹುಡುಗರಿಗೆ ಹೇಳುವುದು ಗುರುಗಳಿಗೆ ತಕ್ಕುದಲ್ಲ.

ಮೂರನೆಯ ಆಕ್ಷೇಪ, ಇದು ಕಳವು ಎಂಬುದು. ಹೆಸರನ್ನು ಮರೆಸಿ ಮಾರಿದರೆ ಕಳವೇ. ಅದರಲ್ಲಿ ಎರಡು ಮಾತಿಲ್ಲ. ಲೆರ್ಮಿತನು ತೀರಿಕೊಂಡದ್ದು 1925ರಲ್ಲಿ. ಭಾರತದ ಕಾನೂನು ಗ್ರಂಥಕಾರನಿಗೂ ಚಿತ್ರಕಾರನಿಗೂ ಮರಣಾನಂತರ ಕೊಡುವ ಅರವತ್ತು ವರ್ಷಗಳ ಹಕ್ಕು ಎಂದೋ ಮುಗಿದಿದೆ. ಆದರೆ ಕಾನೂನು ಸುಮ್ಮನಾದಲ್ಲಿ ಧರ್ಮವೂ ಸುಮ್ಮನಾಗುವುದಿಲ್ಲ. ಲೂವ್ರಿನಲ್ಲಿ ಪ್ರತಿಮಾಡಲು ಅಪ್ಪಣೆ ಪಡೆದವರು ಮೂಲದ ಅಳತೆಯಲ್ಲಿಯೇ ಬರೆಯಕೂಡದು, ಮೂಲ ಚಿತ್ರಕಾರನ ಸಹಿಯನ್ನು ಹಾಕಕೂಡದು ಎಂಬ ಕಟ್ಟಳೆಯಿದೆ. ಅಂದರೆ ಆ ಸಂಗ್ರಹಾಲಯವು ಪ್ರತಿಯನ್ನು ನಿಷೇಧಿಸದೆ ಮೋಸವನ್ನು ಮಾತ್ರ ನಿಷೇಧಿಸಿತು. ವಿವೇಕವೆಂದರೆ ಇದು. ಚಾಕುವಿನಿಂದ ಕೈ ಕೊಯ್ದುಕೊಳ್ಳುವವರಿದ್ದಾರೆಂದು ಅಡಿಗೆಮನೆಯಲ್ಲಿ ಹೆಚ್ಚುವುದನ್ನೇ ಬಿಡುವುದಿಲ್ಲ.

ನಾಲ್ಕನೆಯ ಆಕ್ಷೇಪ, ಯಂತ್ರಗಳೇ ಕ್ಷಣಮಾತ್ರದಲ್ಲಿ ಚಿತ್ರವನ್ನು ತೆಗೆದುಕೊಡುವ ಈ ಕಾಲದಲ್ಲಿ ಕೈಯಿಂದ ಪ್ರತಿಮಾಡುವುದು ವ್ಯರ್ಥವೆಂಬುದು. ಪ್ರತಿಯು ಬೇಕಾಗಿರುವುದು ಗೋಡೆಗಾದರೆ ಯಂತ್ರವೇ ಸಾಕು. ಬೇಕಾಗಿರುವುದು ಕೈಗೂ ಕಣ್ಣಿಗೂ ಆಗುವ ಸಂಸ್ಕಾರ. ಮಂತ್ರವನ್ನು ಮುದ್ರಿಸಿದ ಪುಸ್ತಕವು ಮನೆಯಲ್ಲಿದ್ದಮಾತ್ರಕ್ಕೆ ಅಧ್ಯಯನವು ಆದಂತಾಗುವುದಿಲ್ಲ.

ಇಷ್ಟು ಹೇಳಿದುದರಿಂದ, ಈಗ ಅನೇಕ ಕಡೆಗಳಲ್ಲಿ ಅನುಕರಣದ ಹೆಸರಿನಲ್ಲಿ ನಡೆಯುತ್ತಿರುವುದೆಲ್ಲವೂ ಸಾಧುವೆಂದು ಯಾರೂ ತಿಳಿಯಬಾರದು. ಪಟದ ಮೇಲೆ ದೀಪಯಂತ್ರದಿಂದ ನೆರಳನ್ನು ಬೀಳಿಸಿ ಅಂಚನ್ನು ತೀಡುವುದು, ಅಂಗೈಯಗಲದ ಅಚ್ಚುಚಿತ್ರವನ್ನು ನೋಡಿ ಇಡೀ ಪೇಟೆಯನ್ನು ಎರಡು ವಾರದಲ್ಲಿ ಮುಗಿಸಿ ಚೌಕಟ್ಟು ಕಟ್ಟಿಸುವುದು, ಇವು ಅಭ್ಯಾಸವಲ್ಲ. ಆರು ಮೀಟರಿನ ಪಟವನ್ನು ಅರುವತ್ತು ಸೆಂಟಿಮೀಟರಿಗೆ ಇಳಿಸಿದರೆ, ಮೂಲದಲ್ಲಿ ಗೇಣುದ್ದವಿರುವ ಮುಖವು ಬೆರಳಿನ ಅಗಲಕ್ಕೆ ಬರುತ್ತದೆ. ಅಷ್ಟರಲ್ಲಿ ಕಲಿಯತಕ್ಕದ್ದೇನುಳಿಯಿತು? ಅನುಕರಣದ ವಿರೋಧಿಗಳಿಗೆ ಆಯುಧವನ್ನು ಒದಗಿಸುತ್ತಿರುವವರು ಇಂತಹ ಅನುಕರಣಪ್ರಿಯರೇ.

ವೇದಾಧ್ಯಯನದಲ್ಲಿ ಸಂಹಿತೆಯನ್ನು ಒಪ್ಪಿಸಿದಮಾತ್ರಕ್ಕೆ ಪಾಠವು ಮುಗಿಯುವುದಿಲ್ಲ. ಪದಪಾಠದಲ್ಲಿ ಒಂದೊಂದು ಪದವನ್ನೂ ಬಿಡಿಸುತ್ತಾರೆ. ಕ್ರಮದಲ್ಲಿ ಎರಡೆರಡಾಗಿ ಕೂಡಿಸುತ್ತಾರೆ. ಜಟೆಯಲ್ಲಿಯೂ ಘನದಲ್ಲಿಯೂ ಮುಂದಕ್ಕೂ ಹಿಂದಕ್ಕೂ ಹೆಣೆಯುತ್ತಾರೆ. ಚಿತ್ರದ ಅನುಕರಣವೂ ಹೀಗೆಯೇ ನಡೆಯತಕ್ಕದ್ದು. ಇಡೀ ಪೇಟೆಯನ್ನು ಬಿಟ್ಟು, ಮೂವರು ನಾಲ್ವರು ಇರುವ ಒಂದು ಮೂಲೆಯನ್ನು ಆರಿಸಿಕೊಳ್ಳಲಿ. ಮೊದಲು ಕಣ್ಣೆತ್ತರದ ಗೆರೆಯನ್ನೆಳೆದು, ಇದ್ದಲಿನಿಂದ ಮೂರೇ ಛಾಯೆಗಳಲ್ಲಿ ಸಮೂಹಗಳನ್ನು ಹಿಡಿಯಲಿ. ಲೆರ್ಮಿತನು ಸ್ವತಃ ಇದ್ದಲಿನ ಚಿತ್ರಗಳಲ್ಲಿ ಹೆಸರಾದವನು. ಬಳಿಕ ಅಂಬರಿನ ಕರಡು. ಅದು ಒಣಗಿದ ಮೇಲೆ ಬಣ್ಣ. ಇಷ್ಟಾದಮೇಲೆ ಮೂಲವನ್ನೂ ಪ್ರತಿಯನ್ನೂ ಗೋಡೆಗೆ ಮೊಗಮಾಡಿ ನಿಲ್ಲಿಸಿ, ನೆನಪಿನಿಂದ ಮತ್ತೊಮ್ಮೆ ಬರೆಯಲಿ. ಎಲ್ಲಿ ನೆನಪು ಕೈಕೊಟ್ಟಿತೋ ಅಲ್ಲಿ ಅರ್ಥವಾಗಿರಲಿಲ್ಲವೆಂದು ತಿಳಿದು ಮೂಲದ ಕಡೆಗೆ ತಿರುಗಲಿ. ಕಟ್ಟಕಡೆಗೆ ಊರ ಸಂತೆಗೆ ಹೋಗಿ, ಅದೇ ರೀತಿ ಮೂವರು ನಾಲ್ವರು ಕೂಡಿದ ಒಂದು ಮೂಲೆಯನ್ನು ನೋಡಿಕೊಂಡು ಬಂದು, ತನ್ನ ಪಟವನ್ನು ಬರೆಯಲಿ. ಪ್ರತಿಯ ಬೆನ್ನಮೇಲೆ ಮೂಲ ಚಿತ್ರಕಾರನ ಹೆಸರನ್ನು ಕಾಣುವಂತೆ ಬರೆದಿಡಲಿ.

ಪ್ಯಾರಿಸಿಗೆ ಹೋಗಲಾರದವನು ಅಚ್ಚುಚಿತ್ರದಿಂದಲೇ ಕಲಿಯಬೇಕಾಗುವುದೆಂಬುದು ನಿಜ. ಆದರೆ ವ್ಯಾನ್ ಗೋ ಎಂಬವನು 1889–90ರಲ್ಲಿ ಸ್ಯಾಂ ರೆಮಿಯ ಚಿಕಿತ್ಸಾಲಯದಲ್ಲಿದ್ದಾಗ, ಮಿಲೆಯ ಚಿತ್ರಗಳ ಬಣ್ಣವಿಲ್ಲದ ಅಚ್ಚುಗಳನ್ನಿಟ್ಟುಕೊಂಡು ಇಪ್ಪತ್ತರಷ್ಟು ತೈಲಚಿತ್ರಗಳನ್ನು ಬರೆದನು. ಪರರು ರಚಿಸಿದ ಸಂಗೀತವನ್ನು ನುಡಿಸುವ ವಾದ್ಯಗಾರನಿಗೆ ತನ್ನನ್ನು ಹೋಲಿಸಿಕೊಂಡನು. ಕೀರ್ತನೆಗಳನ್ನು ಹಾಡುವ ವಿದ್ವಾಂಸರನ್ನು ತಲೆದೂಗಿ ಕೇಳುವ ನಾಡಿನಲ್ಲಿ ಈ ಹೋಲಿಕೆಗೆ ವ್ಯಾಖ್ಯಾನವು ಬೇಡ. ತೈಲದ ಮೈಯನ್ನೇ ಕಣ್ಣಾರೆ ಕಾಣಬೇಕೆಂಬವರಿಗೆ ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ರವಿವರ್ಮನ ಪಟಗಳಿವೆ. ಆ ರವಿವರ್ಮನೂ ಥಿಯೊಡೋರ್ ಜೆನ್ಸನ್ ಎಂಬ ಪಾಶ್ಚಾತ್ಯನು 1868ರಲ್ಲಿ ತಿರುವನಂತಪುರದಲ್ಲಿ ಬರೆಯುತ್ತಿದ್ದುದನ್ನು ನೋಡಿನೋಡಿ ತೈಲವಿದ್ಯೆಯನ್ನು ಸಂಪಾದಿಸಿದವನೆಂದು ಚರಿತ್ರೆ ಹೇಳುತ್ತದೆ.

ಆದುದರಿಂದ ಚಿತ್ರಶಾಲೆಗಳನ್ನು ನಡೆಯಿಸುವವರು ಮಾಡತಕ್ಕದ್ದು ಇಷ್ಟೇ. ವಾರದಲ್ಲಿ ಒಂದು ದಿನವನ್ನು ಅನುಕರಣಕ್ಕೆ ಮೀಸಲಿಡಲಿ. ಪ್ರತಿಮಾಡುವ ಹುಡುಗನನ್ನು ಹೀಯಾಳಿಸದಿರಲಿ. ಪ್ರದರ್ಶನದಲ್ಲಿ ಪ್ರತಿಗಳಿಗೆ ಬೇರೆ ಗೋಡೆಯನ್ನು ಗೊತ್ತುಮಾಡಿ, ಮೂಲದ ಹೆಸರನ್ನು ದಪ್ಪಕ್ಷರದಲ್ಲಿ ಬರೆಯಿಸಲಿ. ಹೀಗೆ ಐದು ವರ್ಷ ನಡೆಸಿ, ಆಮೇಲೆ ಎರಡು ಪಕ್ಷದ ವಿದ್ಯಾರ್ಥಿಗಳನ್ನೂ ಒಂದೇ ಸಂತೆಗೆ ಕಳುಹಿಸಲಿ. ಯಾರ ಪಟದಲ್ಲಿ ಹೊರೆ ಹೊತ್ತವನ ಕತ್ತು ಹೊರೆಗೆ ತಕ್ಕಂತೆ ಬಾಗಿರುವುದೋ ಆ ಪಕ್ಷವು ಗೆದ್ದಿತೆಂದು ಒಪ್ಪಲು ಇಬ್ಬರಿಗೂ ಅಡ್ಡಿಯಿರಲಾರದು.